ಎಕ್ಕೂರು ಸ್ಟಾಪು

ಮಂಗಳವಾರ, ಶುಕ್ರವಾರ, ಮಧ್ಯಾಹ್ನದ ಪಾಳಿ.
ಕಂಕನಾಡಿಯ ಆಸ್ಪತ್ರೆ, ಎರಡನೇ ಮಾಳಿಗೆ.
ನಾಲ್ಕನೇ ಕುರ್ಚಿ ನನ್ನದು, ಐದನೆಯದು ಲಿಗೋರಿ ಕ್ರಾಸ್ತರದ್ದು.
ನಾಲ್ಕು ಗಂಟೆ ನಮ್ಮ ರಕ್ತ ಹೊರಗೆ ತಿರುಗಾಡಿ ಬರುತ್ತದೆ.
ನಾವು ಎಲ್ಲಿಗೂ ಹೋಗುವ ಹಾಗಿಲ್ಲ.

ಅವರ ಎಡಗೈಗೆ ಸೂಜಿ, ಬಲಗೈಯಲ್ಲಿ ಫೋನು.
ಮೊಮ್ಮಗಳು ಹಾಕಿಕೊಟ್ಟದ್ದಂತೆ.
ಕಥೆ ಹೇಳುತ್ತದೆ, ಅರ್ಧಕ್ಕೆ ನಿಲ್ಲಿಸುತ್ತದೆ,
ಈಗ ನೀವು ಏನು ಮಾಡುತ್ತೀರಿ? ಎಂದು ಕೇಳುತ್ತದೆ.
"ಎಂತ ಮಾಡ್ಲಿಕ್ಕುಂಟು, ಕೂತಿದ್ದೇನೆ" ಅಂದರು ಮೊದಲ ದಿನ.
ಅದಕ್ಕೂ ಒಂದು ಸಿಂಹಾಸನ ತಂದಿಟ್ಟಿತು.

ರಾಜನಾಗುವ ಮನಸ್ಸಿಲ್ಲ ಅವರಿಗೆ.
ಇಪ್ಪತ್ತೊಂಬತ್ತು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತ ಕಾಲು.
"ನಲವತ್ತನಾಲ್ಕು ನಂಬ್ರ. ಸ್ಟೇಟ್‌ಬ್ಯಾಂಕಿನಿಂದ ಉಳ್ಳಾಲ.
ನಾನು ಕಂಡಕ್ಟರ್. ಶುರು ಮಾಡು."
ಶುರು ಮಾಡಿತು.
ಹಂಪನಕಟ್ಟೆ ದಾಟುವಾಗ ಎಡಕ್ಕೆ ಸಮುದ್ರ ಕಾಣಿಸಿತಂತೆ!
ಲಿಗೋರಿ ಕೊಂಕಣಿಯಲ್ಲಿ ಒಂದು ಬೈದರು,
ಸಿಸ್ಟರ್ ತಿರುಗಿ ನೋಡಿದರು.
ಕ್ಷಮಿಸಿ, ನೀವು ಹೇಳಿದ್ದೇ ಸರಿ, ಎಂದಿತು ಫೋನು,
ಸಮುದ್ರವನ್ನು ಸೀದಾ ಉಳ್ಳಾಲದವರೆಗೆ ಹಿಂದೆ ಸರಿಸಿತು.
ಪರಶುರಾಮನಿಗಾದರೆ ಕೊಡಲಿ ಬೇಕಾಗಿತ್ತು.

ಬರೆಯುವುದು ಕಷ್ಟ, ಬಾಯಲ್ಲೇ ಹೇಳುವುದು.
"ರೈಟ್, ಪೋಯಿ!" ಅಂದರೆ ಅದಕ್ಕೆ ಕೇಳಿಸಿದ್ದು "ರೈತ, ಬಾಯಿ".
ಮುಂಡಾಸು ಕಟ್ಟಿದ ಒಬ್ಬ ರೈತ ಬಸ್ಸು ಹತ್ತಿದ.
ಹತ್ತಿದವನನ್ನು ಇಳಿಸುವುದು ಹೇಗೆ? ಟಿಕೆಟು ಕೊಟ್ಟರು.
ಆಮೇಲೆ ಪ್ರತಿ ವಾರವೂ ಅವನು ಕಿಟಕಿಯ ಸೀಟಿನಲ್ಲಿದ್ದ.

ನನಗೆ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು:
ಯಾವ ಕಥೆಯಾದರೂ ಎಕ್ಕೂರಿನಲ್ಲಿ ನಿಲ್ಲುತ್ತದೆ.
ಎಕ್ಕೂರಿನಲ್ಲಿ ಒಬ್ಬಳು ಹೆಂಗಸು ಓಡಿ ಬರುತ್ತಿರುತ್ತಾಳೆ,
ಒಂದು ಕೈಯಲ್ಲಿ ಬುತ್ತಿ, ಒಂದು ಕೈ ಮೇಲೆ.

"ಕೊನೆಯ ಟ್ರಿಪ್ಪು. ಜುಲೈ ತಿಂಗಳು.
ಹಿಂದೆ ಇನ್ನೊಂದು ಬಸ್ಸು ಹಾರ್ನು ಹೊಡೀತಾ ಇತ್ತು.
ಕಂಡಿದ್ದೆ. ಕಂಡೇ ಸೀಟಿ ಊದಿದೆ.
ಅಷ್ಟೇ. ಮತ್ತೆ ಎಂತಾಯ್ತೋ ಗೊತ್ತಿಲ್ಲ,
ಎಂತದೂ ಆಗದೆಯೂ ಇರಬಹುದು."

ಫೋನಿನ ಬಸ್ಸು ಅವಳಿಗಾಗಿ ನಿಂತೇ ನಿಲ್ಲುತ್ತದೆ.
ಒಮ್ಮೆ ಅವಳು ವೇಷ ಮರೆಸಿದ ರಾಜಕುಮಾರಿ,
ಒಮ್ಮೆ ಕಾಲೇ ಇಲ್ಲದವಳು,
ಒಮ್ಮೆ ಕೈ ಮುಗಿದು, "ಧನ್ಯವಾದಗಳು ಮಹನೀಯರೇ,
ತಮ್ಮ ಉಪಕಾರವನ್ನು ಎಂದಿಗೂ ಮರೆಯಲಾರೆ" ಎಂದಳು.

ಫೋನನ್ನು ಹೊಟ್ಟೆಯ ಮೇಲೆ ಮಗುಚಿ ಹಾಕಿದರು ಲಿಗೋರಿ.
"ನಲವತ್ತನಾಲ್ಕರಲ್ಲಿ ಹೀಗೆ ಯಾರು ಮಾತಾಡ್ತಾರೆ ಮಾರಾಯ್ತಿ?
ನೀನು ಹೇಳು. ಎಂತ ಹೇಳ್ತಿದ್ದಳು ಅವಳು?"

ಗೇರುಬೀಜದ ಫ್ಯಾಕ್ಟರಿಯ ಕಪ್ಪು ಇನ್ನೂ ಹೋಗದ ಬೆರಳು ನನ್ನದು.
ಎಷ್ಟು ಬಸ್ಸುಗಳ ಹಿಂದೆ ಓಡಿಲ್ಲ ನಾನು,
ಎಷ್ಟು ಸೀಟಿ ಕೇಳಿಲ್ಲ.
ಯೋಚಿಸಬೇಕಾಗಲೇ ಇಲ್ಲ.
"ಕಣ್ಣ್ ತೋಜುಜಾ ನಿಕ್ಕ್?" ಅಂದೆ.
ಎಣಿಸಿದ್ದಕ್ಕಿಂತ ಜೋರಾಗಿ ಬಂತು.
ಏಳನೇ ಕುರ್ಚಿಯ ಹುಡುಗ ಎಚ್ಚರಾದ.
"ಕಣ್ಣು ಕಾಣುವುದಿಲ್ಲವಾ ನಿನಗೆ,
ಮಳೆಯಲ್ಲಿ ಓಡಿ ಬರುವವಳು ಮನುಷ್ಯಳಲ್ಲವಾ?
ನಿನ್ನ ಬಸ್ಸಿಗಿಷ್ಟು ಬೆಂಕಿ ಬೀಳಲಿ."

ಲಿಗೋರಿ ಒಂದಕ್ಷರ ಬಿಡದೆ ಫೋನಿಗೆ ಒಪ್ಪಿಸಿದರು.

ಅದು ಸ್ವಲ್ಪ ಹೊತ್ತು ಮೂರು ಚುಕ್ಕಿಯಾಗಿ ಕುಣಿಯಿತು.
ಮಹಿಳೆ ಕೋಪಗೊಂಡಿದ್ದಾಳೆ. ಬಸ್ಸು ನಿಂತಿದೆ.
ರೈತ ಸರಿದು ಜಾಗ ಮಾಡಿಕೊಟ್ಟಿದ್ದಾನೆ.
ಈಗ ನೀವು ಏನು ಮಾಡುತ್ತೀರಿ?

ಅಷ್ಟರಲ್ಲಿ ಅವರ ಯಂತ್ರ ಕೂಗಿತು. ನಾಲ್ಕು ಗಂಟೆ.
ನೌಶೀರ್ ಬಂದು ಸೂಜಿ ಎಳೆದ, ಹತ್ತಿ ಒತ್ತಿದ,
"ಬಿಗಿಯಾಗಿ ಹಿಡ್ಕೊಳ್ಳಿ ಪೊರ್ಬುಗಳೇ" ಅಂದ.
ಉತ್ತರ ಕೊಡದೆ ಎದ್ದರು.

ನನಗೆ ಇನ್ನೂ ಅರ್ಧ ಗಂಟೆ ಬಾಕಿ.
ಕಿಟಕಿಯಿಂದ ಕೆಳಗಿನ ಸ್ಟಾಪು ಕಾಣುತ್ತದೆ.
ಲಿಗೋರಿ ನಿಂತಿದ್ದರು,
ಬಲಗೈ ಎಡಗೈಯ ಹತ್ತಿಯನ್ನು ಒತ್ತಿಕೊಂಡು,
ಎಡಗೈಯಲ್ಲಿ ಬೆಳಕು ಆರದ ಫೋನು.
ಮೇಲೆತ್ತಲು ಕೈ ಖಾಲಿ ಇರಲಿಲ್ಲ.
ನಲವತ್ತನಾಲ್ಕು ಬಂತು, ನಿಧಾನವಾದ ಹಾಗಿತ್ತು.
ಮುಂದಿನದಕ್ಕೆ ಬಾದಾಮಿ ಮರ ಅಡ್ಡ.