ಗೆಣ್ಣು

ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಅಪ್ಪನದು ಕಿವಿಯ ಕೆಲಸ.
ಆವಿಗೆಯಿಂದ ಇಳಿದ ಹಂಚನ್ನು ಎಡಗೈಯಲ್ಲಿ ಎತ್ತಿ
ಬಲಗೈ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಬೇಕು.
ಟಣ್ ಎಂದರೆ ಬಲಕ್ಕೆ,
ಬೊದ್ ಎಂದರೆ ಎಡಕ್ಕೆ.
ಬಣ್ಣ ನೋಡುತ್ತಲೇ ಇರಲಿಲ್ಲ.
"ಬಣ್ಣ ಎರಡಕ್ಕೂ ಒಂದೇ ಮಗಾ. ಬಿರುಕು ಒಳಗೆ."

ಅಪ್ಪ ಹೋಗಿ ಹತ್ತೊಂಬತ್ತು ವರ್ಷ.

ಈ ಸಲ ಬೆಳೆಹಬ್ಬದ ಏಲಂ ಲೆಕ್ಕ ನನ್ನ ಕೈಯಲ್ಲಿತ್ತು.
ಬೂದುಗುಂಬಳಕ್ಕೆ ನಾಲ್ಕು ಸಾವಿರ, ಹುಂಜಕ್ಕೆ ಆರು,
ಒಂದೇ ಒಂದು ಕೋಳಿಮೊಟ್ಟೆ
ಕೈಯಿಂದ ಕೈಗೆ ದಾಟಿ ದಾಟಿ ಸಾವಿರದ ನೂರು.
ಕೂಡಿಸಿದರೆ ಎರಡು ಸಾವಿರ ಕಡಿಮೆ.
ಸ್ತ್ರೀಸಮಾಜದಲ್ಲಿ ಸುಗಂಧಿ ಅಮ್ಮನ್ನ ಏನೂ ಅನ್ನಲಿಲ್ಲ,
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಅಷ್ಟೇ.
ಮೂರು ಭಾನುವಾರ ನಾನು ಆರಾಧನೆಗೆ ಹೋಗಿಲ್ಲ.

ಡೊರ್ಕಾ ದೊಡ್ಡಮ್ಮನಿಗೆ ಮಿಕ್ಸಿ ಸುಟ್ಟರೂ ಸೈತಾನ,
ಬಸ್ಸು ತಪ್ಪಿದರೂ ಸೈತಾನ.
ಪಾಪ, ಮಾಡದ ಕೆಲಸಕ್ಕೂ ಅವನ ಹೆಸರು.
ನಾನು ನಗುತ್ತಿದ್ದೆ. ನಕ್ಕೂ ನಕ್ಕೂ
ಅವನು ಬಂದರೆ ಗುರುತು ಹೇಗೆ ಎಂಬುದನ್ನೇ ಕಲಿಯಲಿಲ್ಲ.

ಬಂದ. ಗೋರಿಗುಡ್ಡೆಯ ಬಾಡಿಗೆ ಮನೆಗೆ,
ರಾತ್ರಿ ಎರಡೂ ಮುಕ್ಕಾಲಿಗೆ, ಕರೆಂಟು ಹೋಗಿ ಫ್ಯಾನು ನಿಂತಾಗ.
ಕೊಂಬಿಲ್ಲ, ಘರ್ಜನೆಯಿಲ್ಲ. ದನಿ ನನ್ನದೇ,
ನನ್ನ ಹಾಗೇ ಸ್ವಲ್ಪ ಮೂಗಿನಲ್ಲಿ:
ನೀನು ಯಾವಾಗಲೂ ಹೀಗೆ.
ನೀನು ಮುಟ್ಟಿದ್ದೆಲ್ಲ ಹೀಗೆ.
ಎಲ್ಲರಿಗೂ ಗೊತ್ತು.
ದೇವರಿಗೂ ಸಾಕಾಗಿದೆ.
ನಡುವೆ ವಾಕ್ಯವನ್ನೂ ಹೇಳಿತು, ಅಧ್ಯಾಯ ವಚನ ಸಹಿತ,
ನನಗಿಂತ ಚೆನ್ನಾಗಿ ಬಾಯಿಪಾಠ.
ನಾನು ಕತ್ತಲಲ್ಲಿ ತಲೆಯಾಡಿಸುತ್ತಾ ಹೋದೆ,
ಪಶ್ಚಾತ್ತಾಪ ಅಂದರೆ ಇದೇ ಇರಬೇಕು ಎಂದು.

ನೀರಿಗೆ ಕೈಚಾಚಿದೆ. ಗೆಣ್ಣು ಸ್ಟೀಲು ಲೋಟಕ್ಕೆ ತಾಗಿತು.
ಟಣ್.

ಎದ್ದು ಕೂತೆ.
ಒಂದೊಂದೇ ಮಾತನ್ನು ಎಡಗೈಗೆ ಎತ್ತಿಕೊಂಡೆ.
ಯಾವಾಗಲೂ: ಬೊದ್.
ಎಲ್ಲರಿಗೂ: ಯಾರು, ಹೆಸರು ಹೇಳು ಎಂದೆ. ಹೇಳಲಿಲ್ಲ. ಬೊದ್.
ದೇವರಿಗೂ:
ತಟ್ಟಲು ಕೈ ನಡುಗಿತು. ಬಹಳ ಹೊತ್ತು
ಹಿಡಿದುಕೊಂಡೇ ಇದ್ದೆ, ಬಿಸಿಯಿತ್ತು.
ತಟ್ಟಿದೆ.
ಬೊದ್.

ಅಷ್ಟು ಬೈದದ್ದು, ಏನು ಮಾಡಲಿ ಎಂದರೆ
ಮಲಗಿರು ಎನ್ನುತ್ತದೆ. ಚಿಲಕ ಹಾಕಿರು ಎನ್ನುತ್ತದೆ.

ಆಮೇಲೆ ಇನ್ನೊಂದು ಬಂತು. ಸಣ್ಣದು,
ಅಡುಗೆಮನೆಯಿಂದ ಯಾರೋ ಕೇಳಿದ ಹಾಗೆ:
ಗುರುವಾರ ಗ್ಯಾಸಿನವನಿಗೆ ಕೊಟ್ಟ ಒಂಬೈನೂರು
ಯಾವ ಡಬ್ಬಿಯದು?

ತಟ್ಟುವುದೇ ಬೇಡವಾಯಿತು.
ಎದೆಯ ಮೂಳೆಯವರೆಗೆ ಕಂಚು.
ತಿಂಗಳ ಕೊನೆಗೆ ತುಂಬಿದರಾಯಿತು ಎಂದು ತೆಗೆದದ್ದು,
ತುಂಬಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡದ್ದು.
ಮೊದಲ ದನಿ ರಾತ್ರಿಯಿಡೀ ಹೊಡೆದರೂ ಇಷ್ಟು ನೋಯಲಿಲ್ಲ.
ಆದರೂ ಇದು ಹೊಸ್ತಿಲ ಹೊರಗೆ ನಿಂತು ಮಾತಾಡುತ್ತಿತ್ತು,
ಬಾ, ಹೋಗುವ ಎನ್ನುವ ಹಾಗೆ.

ಮುಖ ತೊಳೆದೆ. ಯೇಸುವಿನ ಹೆಸರಲ್ಲಿ ಹೋಗು
ಎಂದೆ ಆ ಮೊದಲಿನದಕ್ಕೆ, ಬಾಯಿಬಿಟ್ಟೇ,
ನಾಚಿಕೆಯಾಯಿತು, ಪಕ್ಕದ ಮನೆಯವರಿಗೆ ಕೇಳಿಸಿತೋ ಏನೋ.
ಅಂಗಳದ ನಾಯಿ ಎದ್ದು, ಮೈ ಕೊಡವಿ,
ಗೇಟು ದಾಟಿ ಹೋಯಿತು. ಅದಕ್ಕೆ ಹೇಳಿದ್ದಲ್ಲ.

ಒಂಬೈನೂರು ಎಣಿಸಿ ಲಕೋಟೆಗೆ ಹಾಕಿದೆ.
ಉಳಿದದ್ದು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.
ಗೊತ್ತಿಲ್ಲ ಎಂದೇ ಹೇಳುವುದು.

ಬೆಳಿಗ್ಗೆ ಮೊದಲ ಬಸ್ಸು. ಕಂಕನಾಡಿ ಬರುವಷ್ಟರಲ್ಲಿ
ಅದೂ ಹತ್ತಿ ಪಕ್ಕದಲ್ಲಿ ಕೂತಿತ್ತು, ಟಿಕೇಟಿಲ್ಲದೆ:
ಈಗ ಹೋಗಿ ಕೊಟ್ಟರೆ ಪೂರ್ತಿ ನೀನೇ ಕದ್ದ ಹಾಗೆ.
ಸುಗಂಧಿ ಎಲ್ಲರಿಗೂ ಹೇಳುತ್ತಾಳೆ. ಇಳಿ.
ನಾನು ಕಿಟಕಿಯ ಸರಳಿಗೆ ಗೆಣ್ಣಿನಿಂದ ತಟ್ಟಿದೆ.

ಕಂಡಕ್ಟರ್ ಹುಡುಗ ತಿರುಗಿ ಸೀಟಿ ಬಾಯಿಗಿಟ್ಟ.
"ಇಳೀಲಿಕ್ಕುಂಟಾ ಅಕ್ಕಾ?"
"ಇಲ್ಲ" ಎಂದೆ. "ಬಲ್ಮಠಕ್ಕೆ."