ಸೀಮೆ ಮದ್ದು

ಕರಬತ್ರಿ ದೊರೆ ಅಂತಿದ್ದೆವು. ಕಾಗದದಲ್ಲಿ ಕ್ರಾಬ್‌ಟ್ರೀ,
ಹಿಂದೆ ಮುಂದೆ ಏನೇನೋ ಅಕ್ಷರ.
ಮಡಿಕೇರಿ ಕೋಟೆಯ ಆಸ್ಪತ್ರೆಗೆ ಬಂದಾಗ
ಮೀಸೆ ಇನ್ನೂ ಅವನ ಮುಖವನ್ನು ಒಪ್ಪಿಕೊಂಡಿರಲಿಲ್ಲ.
ಒಂದು ಮಳೆಗಾಲ ಕಾಲು ಕೊಯ್ಯುವುದು ಕಲಿತ,
ಇನ್ನೊಂದು ಮಳೆಗಾಲ ಕಾಡುಜ್ವರದಲ್ಲಿ ಮಲಗಿ
ಅವ್ವನ ಗಂಜಿಯನ್ನು ಬೇಡ ಬೇಡವೆನ್ನುತ್ತಲೇ ಕುಡಿದ.
ಅಪ್ಪ ಅಲ್ಲಿ ಡೋಲಿ ಹೊರುತ್ತಿದ್ದ.

ಆಮೇಲೆ ಹುಕುಂ ಬಂತು: ನಾಡಿಗೆಲ್ಲ ದೇವಿ ಹಾಕಬೇಕು.
ಸೀಸೆಯಲ್ಲಿಟ್ಟರೆ ದೇವಿ ಘಟ್ಟ ಹತ್ತುವಷ್ಟರಲ್ಲಿ ಸಾಯುತ್ತಾಳೆ,
ಮಗುವಿನ ತೋಳಲ್ಲಿಟ್ಟರೆ ಎಂಟು ದಿನ ಬದುಕುತ್ತಾಳೆ.
ಹಾಗಾಗಿ ನನ್ನ ತೋಳು.

ಏಳು ವರ್ಷ ನನಗೆ. ಹೆಸರು ಮಾಚಿ.
ದಿನಕ್ಕೊಂದಾಣೆ, ಮೇಲೊಂದು ಚೂರು ಕಲ್ಲುಸಕ್ಕರೆ.
ಹೊರುವವನ ಮಗಳು ಡೋಲಿಯಲ್ಲಿ ಕೂತಳು!
ಬೇತ್ರಿ ಹೊಳೆ ದಾಟಿ ವಿರಾಜಪೇಟೆಯ ಕಡೆಗೆ,
ತೋಳಲ್ಲಿ ನಾಲ್ಕು ಗುಳ್ಳೆ ಉರಿಯುತ್ತ.
"ತುರಿಸಬೇಡ." ದೊರೆಗೆ ಚೆನ್ನಾಗಿ ಬರುತ್ತಿದ್ದ ಕನ್ನಡ
ಅದೊಂದೇ ಮಾತು.

ಗದ್ದೆಯಾಚೆ ಐನ್‌ಮನೆ. ಓಣಿಯ ಬಾಯಲ್ಲೇ ಇಳಿಸಿದರು,
ಮುಂದಕ್ಕೆ ನಮ್ಮ ನೆರಳೂ ಹೋಗುವ ಹಾಗಿಲ್ಲ.
ಕಯ್ಯಾಲೆಯಲ್ಲಿ ಕೂತ ಪಟ್ಟೇದಾರ ಕೇಳಿದ್ದಿಷ್ಟೇ:
ಯಾರ ಮೈಯಿಂದ?

ದೊರೆ ವಾಪಸು ಬಂದ. ಕುದುರೆಯ ಮರೆಯಲ್ಲಿ ಮಂಡಿಯೂರಿ
ನನ್ನ ಗುಳ್ಳೆಯ ನೀರನ್ನು ಗಾಜಿನ ಚೂರಿಗೆ ಇಳಿಸಿಕೊಂಡ.
ಕೈ ನಡುಗಲಿಲ್ಲ. ಕಿವಿ ಕೆಂಪಾಗಿತ್ತು.
ಹೋಗಿ ಹೇಳಿದ: ಸೀಮೆ ಮದ್ದು. ಹಡಗಿನಲ್ಲಿ ಬಂದದ್ದು.

ಸೀಮೆಸುಣ್ಣ, ಸೀಮೆಎಣ್ಣೆ. ಅವತ್ತು ನಾನೂ ಸೀಮೆ.
ಆ ಮನೆಯ ಹನ್ನೊಂದು ಮಕ್ಕಳು ತೋಳು ಚಾಚಿದರು.
ಮುಂದಿನ ಬೇಸಿಗೆ ಅಮ್ಮ ಊರೂರು ತಿರುಗಿದಳು,
ಆ ಓಣಿಯ ಬಾಯಿಗೆ ಬಂದು ನಿಂತು
ಹಿಂದಕ್ಕೆ ಹೋದಳು, ನನ್ನ ಹಾಗೆಯೇ.

ದೊರೆ ಬರೆದದ್ದು ಲೆಕ್ಕ: ಇಂತಿಷ್ಟು ಸಾವಿರ ತೋಳು.
ಲೆಕ್ಕ ಮೇಲೆ ಹೋಯಿತು, ದೊರೆಯೂ ಮೇಲೆ ಹೋದ,
ಸರ್ಜನ್, ಸರ್ಜನ್ ಮೇಜರ್.
ಹೆಸರಿಗೆ ಬಾಲ ಬೆಳೆಯಿತು, ತಲೆ ಬೋಳಾಯಿತು.
ಊರಿಗೆ ಹೋಗುವ ವರ್ಷ ಕಲ್ಲಾನೆಯ ಮುಂದೆ ಫೋಟೋ ತೆಗೆಸಿದರು.
ಅಪ್ಪ ತೀರಿಕೊಂಡಿದ್ದ. ನಾನು ಅಂಗಳ ಗುಡಿಸುತ್ತಿದ್ದೆ,
ಅಂಚಿನಲ್ಲಿ ಎಲ್ಲೋ ನನ್ನ ಪೊರಕೆ ಬಿದ್ದಿದ್ದರೂ ಬಿದ್ದೀತು.
ದಾಟಿ ಹೋಗುವಾಗ ದೊರೆ ನಿಂತ.
ಮುಖ ನೋಡಲಿಲ್ಲ, ತೋಳು ನೋಡಿದ.
"ತುರಿಸಬೇಡ" ಅಂದ.

ಒಳ್ಳೆಯವನೋ ಸುಳ್ಳನೋ, ನನ್ನನ್ನು ಕೇಳಬೇಡ.
ಈಗ ದೇವಿಯನ್ನು ಕರುವಿನ ಮೈಯಿಂದ ತೆಗೆಯುತ್ತಾರಂತೆ,
ಯಾರ ಮೈ ಅಂತ ಯಾರೂ ಕೇಳುವುದಿಲ್ಲವಂತೆ.
ಆಗ ಕರು ನಾನೇ.

ಬಾ ಮಗಾ, ತೋಳು ಕೊಡು. ಚುರ್ ಅನ್ನುತ್ತೆ, ಅಷ್ಟೇ.
ಕಲ್ಲುಸಕ್ಕರೆ ಮಾತ್ರ ಈಗ ಕೊಡುವುದಿಲ್ಲ.