ಹಗ್ಗದ ಬಾಬ್ತು

ಕೊಡಿಯಾಲಬೈಲಿನಲ್ಲಿ, ಕೋರ್ಟಿನ ಗೇಟಿನೆದುರು,
ಇಪ್ಪತ್ತಾರು ವರ್ಷ ಊರವರ ನಷ್ಟಗಳನ್ನು ಟೈಪು ಮಾಡಿದ್ದೇನೆ.
'ವಾದಿಗೆ ಉಂಟಾದ ತುಂಬಲಾರದ ನಷ್ಟ' ಎಂಬ ಸಾಲು
ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತದೆ.
ತುಂಬಲಾರದ್ದು ಎಂದು ಹೇಳಿ, ಅದರ ಕೆಳಗೇ
ತುಂಬಬೇಕಾದ ಮೊತ್ತ, ಅಂಕೆಯಲ್ಲಿ, ಅಕ್ಷರದಲ್ಲಿ.
ಈ ತಮಾಷೆ ನನಗೆ ಇಷ್ಟು ದಿನ ಕಂಡಿರಲಿಲ್ಲ.

ಈ ಸಲ ವಾದಿ ನಾನೇ.
ಕುಲಶೇಖರದಲ್ಲಿ ಆರೂಕಾಲು ಸೆಂಟ್ಸ್, ಹಂಚಿನ ಮನೆ, ಬಾವಿ.
ಫ್ಲೇವಿಯಾ ಬಾಯಿಯೊಂದಿಗೆ ಮೂವತ್ತೆಂಟು ಲಕ್ಷಕ್ಕೆ ಕರಾರು,
ಮುಂಗಡ ಮೂರು. ನೋಂದಣಿಗೆ ಹನ್ನೊಂದು ದಿನ ಇರುವಾಗ
ಅಂಗಡಿಗೇ ಬಂದರು, ಸ್ಟೂಲಿನಲ್ಲಿ ಕೂತರು,
'ಮನಸ್ಸು ಬರುವುದಿಲ್ಲ ಲೋಕಯ್ಯಣ್ಣ' ಎಂದರು.
ಬೇರೆ ಕಾರಣ ಕೇಳಿದೆ. ಅದೇ ಕಾರಣ ಎಂದರು.

ಪಾಂಗಾಳ ವಕೀಲರು ಕನ್ನಡಕ ಹಣೆಗೇರಿಸಿ ಲೆಕ್ಕ ಹೇಳಿದರು:
ಕರಾರು ಮುರಿದ ದಿನ ಪೇಟೆಯಲ್ಲಿ ಆ ಮನೆಗೆ ಎಷ್ಟು ಬೆಲೆ,
ನೀವು ಒಪ್ಪಿದ್ದು ಎಷ್ಟು, ಎರಡರ ನಡುವಿನ ಅಂತರ,
ಅಷ್ಟೇ ಮಾರಾಯ್ರೆ ನಷ್ಟ.
ನಲವತ್ತಾರಾಗಿದ್ದರೆ ನಿಮಗೆ ಎಂಟು ಲಕ್ಷ. ಒಳ್ಳೆ ಕೇಸು.
ಆದರೆ ಫೆಬ್ರವರಿಯಲ್ಲಿ ರಸ್ತೆ ಅಗಲ ಮಾಡುವ ಸರ್ವೆಯವರು
ಬಾಯಿಯವರ ಅಂಗಳದಲ್ಲಿ ಹಳದಿ ಕಲ್ಲು ನೆಟ್ಟು ಹೋಗಿದ್ದಾರೆ.
ಬೆಲೆ ಮೂವತ್ತೈದಕ್ಕೆ ಇಳಿದಿದೆ.
ಮೂವತ್ತೈದರಿಂದ ಮೂವತ್ತೆಂಟು ಕಳೆದರೆ?
ನಾನು ಹೇಳಲಿಲ್ಲ. ಅವರೇ ಹೇಳಿದರು:
'ನಿಮಗೆ ಮೂರು ಲಕ್ಷ ಲಾಭ. ಬಾಯಿಗೆ ಥ್ಯಾಂಕ್ಸ್ ಹೇಳಿ.'

ಮನೆಯೇ ಬೇಕೆಂದು ದಾವೆ ಹೂಡಬಹುದು, ಅದೂ ಉಂಟು.
ಎಂಟು ವರ್ಷ. ಮೇಲೆ ಅಪೀಲು.
ಎಂಟು ವರ್ಷದ ವಾಯಿದೆಗಳು ನನಗೆ ಗುರುತಿನವು;
ನನ್ನ ಬೆಂಚಿನಲ್ಲೇ ಕೂತು ತಲೆ ನರೆಸಿಕೊಂಡಿವೆ.

ಸರಿ, ಉಳಿದದ್ದನ್ನಾದರೂ ಬರೆಯೋಣವೆಂದು ಕೂತೆ.
ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿ, ಅದೇ ಮನೆಗೆ
ತಿಂಗಳಿಗೆ ಸಾವಿರದೈನೂರು ಹೆಚ್ಚು ಕೊಟ್ಟು ಉಳಿದದ್ದು: ಬರೆಯಬಹುದು.
ನಕ್ಷೆ, ಋಣಭಾರ ಪತ್ರ, ಛಾಪಾಕಾಗದ: ರಶೀದಿ ಉಂಟು, ಬರೆಯಬಹುದು.
ಜಲಜಾಕ್ಷಿ ಬಾವಿಕಟ್ಟೆಗೆ ಕೈಯೂರಿ, ಬಗ್ಗಿ,
ತನ್ನ ಹೆಸರನ್ನು ತಾನೇ ಕರೆದದ್ದು,
ನೀರು ಅರ್ಧ ಹೆಸರು ಹಿಡಿದು ತಿರುಗಿ ಕರೆದದ್ದು?
'ಅದು ದೂರದ ನಷ್ಟ, ಕಾನೂನು ಹಿಡಿಯುವುದಿಲ್ಲ' ಎಂದರು ವಕೀಲರು.
ಎಂತ ದೂರ? ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ಮತ್ತೆ, ಹಗ್ಗ.
ಬಾಯಿಯವರ ಹಗ್ಗ ಎಳೆ ಬಿಟ್ಟಿತ್ತು. ಕರಾರಾದ ವಾರವೇ
ಬಂದರಿನ ಅಂಗಡಿಯಿಂದ ಹದಿನಾಲ್ಕು ಮಾರು ಹೊಸದು ತಂದು
ರಾಟೆಗೆ ಎಣ್ಣೆ ಬಿಟ್ಟು ನಾನೇ ಕಟ್ಟಿದ್ದೆ.
ನಾನೂರ ಇಪ್ಪತ್ತು ರೂಪಾಯಿ. ರಶೀದಿ ಇಲ್ಲ.
ಟೈಪು ಮಾಡಿದೆ, ಅಳಿಸಿದೆ.
ಲಕ್ಷಗಳ ಪಕ್ಕ ಅದು ಚಪ್ಪಲಿ ಬಿಚ್ಚಿ ನಿಂತವನ ಹಾಗೆ ಕಾಣುತ್ತಿತ್ತು.

ನೋಟೀಸಿಗೆ ಉತ್ತರ ಬರಲಿಲ್ಲ, ಬಾಯಿಯೇ ಬಂದರು.
ಮುಂಗಡಕ್ಕೆ ಡಿಡಿ, ಬಡ್ಡಿಗೆ ಚೆಕ್ಕು,
ಆಮೇಲೆ ಪರ್ಸಿನ ಒಳಜೇಬಿನಿಂದ ಮಡಚಿದ ನೋಟುಗಳು.
'ಹಗ್ಗದ್ದು' ಎಂದರು. 'ಬಂದರಿನಲ್ಲಿ ವಿಚಾರಿಸಿದೆ,
ಮಾರಿಗೆ ಮೂವತ್ತಂತೆ. ಎಷ್ಟು ಮಾರೆಂದು ನಾನೇ ಅಳೆದೆ.
ಅದರಲ್ಲೇ ಸೇದುತ್ತಿದ್ದೇನೆ. ಕೈ ಉರಿಯುವುದಿಲ್ಲ.'

ಎಣಿಸಿದೆ, ಅಭ್ಯಾಸ.
ರಶೀದಿ ಬೇಕೆಂದರು. ಟೈಪು ಮಾಡಲು ಕೂತೆ:
'ಹಗ್ಗದ ಬಾಬ್ತು ಪೂರ್ತಿ ಸಂದಾಯವಾಗಿದೆ.
ಇನ್ನು ಮುಂದೆ ಸದರಿ ಬಾವಿಯ ಮೇಲೆ
ನನಗಾಗಲಿ, ನನ್ನ ವಾರಸುದಾರರಿಗಾಗಲಿ'

ಅಲ್ಲಿ ಬೆರಳು ನಿಂತಿತು.
ಬಾಯಿ ಕಾಯುತ್ತ ಕೂತಿದ್ದರು, ಅಂಗೈ ಮೇಲೆ ಮಾಡಿ.
ಹೊರಗೆ ಯಾರೋ
'ಜೆರಾಕ್ಸ್ ಎರಡು ಪ್ರತಿ, ಬೇಗ' ಎಂದು ಕೂಗಿದರು.